ಮೂರು ಕೆಂಪು ಕಂಬಿಗಳು

ಪುಣೆಯ ಖರಾಡಿಯ ಆ ಸಲೂನ್‌ಗೆ ಇಂಪನಾಳನ್ನು ಕರೆತಂದವಳು ಅವಳ ಭಾವಿ ಅತ್ತೆ ಗೌರಾಬಾಯಿ. ಸಂಜೆ ಆರಕ್ಕೆ ಸಾಸವಡದಲ್ಲಿ ನಿಶ್ಚಿತಾರ್ಥ. ಕೂದಲಿಗೆ ಕಂದು ಬಣ್ಣ ಹಾಕಿಸುವುದು ಅತ್ತೆಯ ಉಡುಗೊರೆ. ಹುಡುಗನ ಮನೆಯವರು ಕೊಡುವ ಸೀರೆ, ಬಳೆಗಳ ಹಾಗೆ ಅದನ್ನೂ ಬೇಡವೆನ್ನುವಂತಿರಲಿಲ್ಲ.

ಬಣ್ಣ ಹಾಕುವ ಮಾಧುರಿ ವಿಜಯಪುರದ ಕಡೆಯವಳು. ಇಂಪನಾಳ ಕೂದಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. ಅವಳಿಗೇನೋ ಹಿಡಿಸಲಿಲ್ಲ.

"ಮೊದಲ ಏನರೆ ಹಚ್ಚೀರೇನ್ರಿ? ಕಪ್ಪು ಮೆಹಂದಿ? ಕೆಲವದರಾಗ ಲೋಹದ ಪುಡಿ ಇರ್ತದ. ಬ್ಲೀಚ್ ತಾಗಿತಂದ್ರ ತಾನ ಕಾದು ಕೂದಲಾ ಸುಡ್ತದ."

ಇಂಪನಾ ಕನ್ನಡಿಯಲ್ಲಿ, ಹಿಂದೆ ಕೂತ ಗೌರಾಬಾಯಿಯನ್ನು ನೋಡಿದಳು. ಹತ್ತೊಂಬತ್ತನೆಯ ವಯಸ್ಸಿಗೇ ಇಂಪನಾಳ ತಲೆ ಅರ್ಧ ನರೆತಿತ್ತು. ಹಿಂದಿನ ಸಂಬಂಧ ಮುರಿದದ್ದು ಅದಕ್ಕೇ. ಅಂದಿನಿಂದ ತಿಂಗಳಿಗೊಂದು ಪೊಟ್ಟಣ ಕಪ್ಪು ಮೆಹಂದಿ; ಪುಣೆಗೆ ಬಂದ ಮೇಲೆ ಅದನ್ನು ಮೈಸೂರಿನಿಂದ ಅಮ್ಮ ಕಳಿಸುತ್ತಾಳೆ. ಕೊನೆಯದನ್ನು ಹಚ್ಚಿ ನಾಲ್ಕು ದಿನ. 'ಕೊರಳಿಗೆ ತಾಳಿ ಬೀಳೋವರೆಗೂ ಬಾಯಿ ಬಿಡಬೇಡ' ಎಂದಿದ್ದಳು ಅಮ್ಮ.

"ಇಲ್ಲ. ಏನೂ ಹಚ್ಚಿಲ್ಲ."

"ಆದ್ರೂ ಒಂದ್ ಎಳಿ ಕತ್ತರಿಸಿ ಬ್ಲೀಚ್‌ನಾಗ ಹಾಕಿ ನೋಡತೀನ್ರಿ. ಹತ್ತಿಪ್ಪತ್ತ ನಿಮಿಷ."

"ಬ್ಯಾಡ ತಂಗಿ, ಹೊತ್ತಾಗ್ತದ," ಎಂದಳು ಗೌರಾಬಾಯಿ. "ನಮ್ಮ ಹುಡುಗಿ ಸುಳ್ಳ ಹೇಳಂಗಿಲ್ಲ. ಹೌದಿಲ್ಲೊ?"

"ಹೌದು ಆಂಟಿ."

"ಅತ್ತಿ ಅನ್ನವಾ. ಆಂಟಿ ಅಂದ್ರ ಬಾಡಿಗಿ ಮನಿ ಮಾಲಕಿನ ಕರದಂಗ ಆಗ್ತದ!"

ಮಾಧುರಿ ನಗಲಿಲ್ಲ. ಬ್ಲೀಚ್ ಸವರಿದ ಎಳೆಗಳನ್ನು ಒಂದೊಂದಾಗಿ ಫಾಯಿಲ್‌ನಲ್ಲಿ ಮಡಚಿದಳು. ಕಪ್ಪು ಬೇಗ ಇಳಿಯಲೆಂದು ಬಿಸಿಯ ಯಂತ್ರವನ್ನು ತಲೆಯ ಸುತ್ತ ಎಳೆದಳು. ಅದರ ಮೂರು ಕಂಬಿಗಳು ಕಾದು ಕೆಂಪಾದವು.

ಮೊದಮೊದಲು ಹಿತವಾಗಿತ್ತು. ಗೌರಾಬಾಯಿ ಫೋನ್‌ನಲ್ಲಿ ನಿಶ್ಚಿತಾರ್ಥದ ಅಡುಗೆಯ ಏಕನಾಥನಿಗೆ ಮರಾಠಿಯಲ್ಲಿ, ಮೂರಕ್ಕೇ ಒಲೆ ಹಚ್ಚು, ಎಂಬತ್ತು ಎಲೆ ಎನ್ನುತ್ತಿದ್ದಳು. ಅಷ್ಟರಲ್ಲಿ ಇಂಪನಾಳ ಬಲಗಿವಿಯ ಮೇಲಿನ ಫಾಯಿಲ್ ಉಬ್ಬತೊಡಗಿತು. ಒಳಗೆ ಏನೋ ಸಣ್ಣಗೆ ಸುಂಯ್‌ಗುಟ್ಟಿತು.

"ಬಿಸಿ ಭಾಳ ಆತೇನ್ರಿ?"

"ಇಲ್ಲ, ಸರಿಯಾಗಿದೆ."

ಕನ್ನಡಿಯಲ್ಲಿ, ಸುಟ್ಟ ವಾಸನೆಗೆ ಗೌರಾಬಾಯಿಯ ಮೂಗು ಅರಳಿತು. ಅವಳು ಫೋನ್ ಕೆಳಗಿಟ್ಟಳು.

ಮಾಧುರಿ ಸ್ವಿಚ್ ಆರಿಸಿದಳು. ಕಂಬಿಗಳು ಕಪ್ಪಾದವು. ಆದರೆ ಫಾಯಿಲ್ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು.

"ಮಷೀನ್ ಬಂದ್ ಮಾಡಿದ ಮ್ಯಾಲೂ ಕಾಯಾಕತ್ತೇತಿ! ಇಡೀ ತಲಿಗೆ ಹಚ್ಚೀರೇನ್ರಿ? ಜಲ್ದಿ ಹೇಳ್ರಿ!"

ನೆತ್ತಿಗೆ ಕೆಂಡ ಇಟ್ಟಂತಾಯಿತು. ಇಂಪನಾ ಹಲ್ಲು ಕಚ್ಚಿದಳು. ಹಿಂದಿನಿಂದ ತಣ್ಣನೆಯ ದನಿ ಬಂತು: "ಹೇಳವಾ."

ಎರಡನೆಯ ಫಾಯಿಲ್‌ನ ಅಂಚಿನಿಂದ ಹೊಗೆ ಎದ್ದಿತು. ಮೂರನೆಯದರಿಂದಲೂ.

"ಇಡೀ ತಲೆಗೆ," ಎಂದಳು ಇಂಪನಾ. "ಎಂಟು ವರ್ಷದಿಂದ."

ಮಾಧುರಿ ಅವಳನ್ನು ತೊಟ್ಟಿಯತ್ತ ಎಳೆದೊಯ್ದು ನೀರು ಬಿಟ್ಟಳು. ಒಂದು ಫಾಯಿಲ್ ಎಳೆದಾಗ ಅದರೊಳಗಿನ ಎಳೆಯೂ ಹಸಿ ಶಾವಿಗೆಯಂತೆ ಕೈಗೆ ಬಂತು. ಅದನ್ನು ಮಾಧುರಿ ಬೇಗ ಮುದುಡಿ ಕಸದ ಬುಟ್ಟಿಗೆ ಹಾಕಿದಳು. ಗೌರಾಬಾಯಿ ಬಂದು ಬುಟ್ಟಿಯಿಂದ ಅದನ್ನು ಎತ್ತಿ, ಬಿಚ್ಚಿ, ಬಹಳ ಹೊತ್ತು ನೋಡಿದಳು.

ತಲೆ ಹಿಂದಕ್ಕೆ ಬಾಗಿಸಿ ಮಲಗಿದ್ದ ಇಂಪನಾಳಿಗೆ ಕಾಣುತ್ತಿದ್ದುದು ಚಾವಣಿ ಮಾತ್ರ. ನೀರಿನ ಸದ್ದಿನಾಚೆ ಗೌರಾಬಾಯಿ ಮತ್ತೆ ಫೋನ್ ಹಚ್ಚಿದಳು. ಪುಣೆಗೆ ಬಂದು ಮೂರು ವರ್ಷವಾಗಿತ್ತು. ಅಷ್ಟು ಮರಾಠಿ ಇಂಪನಾಳಿಗೆ ತಿಳಿಯುತ್ತಿತ್ತು.

"ಏಕನಾಥ, ಒಲೆ ಹಚ್ಚಬೇಡ."