ಬಾಲ ಕಳೆದುಕೊಂಡ ಗಾಜಿನೆಳೆ

ಮನುಕುಲವನ್ನು ಕಾಡುವ ಗಹನ ಪ್ರಶ್ನೆಗಳ ಸಾಲಿನಲ್ಲಿ, ಬಟ್ಟೆಯ ಅಂಚಿನಿಂದ ಆಚೆ ಇಣುಕುವ ಎಳೆಯನ್ನು ಕತ್ತರಿಸಬೇಕೋ ಬಿಡಬೇಕೋ ಎಂಬುದಕ್ಕೂ ಒಂದು ಜಾಗವಿದೆ. ದೋಣಿಗಳಿಗೆ ಚುಕ್ಕಾಣಿ ತಯಾರಿಸುವ ಆ ಶೆಡ್ಡಿನಲ್ಲಿ ಅದನ್ನು ಇತ್ಯರ್ಥ ಮಾಡಿದ್ದವಳು ಕತ್ತರಿಯಕ್ಕ. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ ಅಂಚು ಸವರುವುದು ಅವಳ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಎಳೆಯೂ ಜೀವಸಹಿತ ತಪ್ಪಿಸಿಕೊಂಡಿರಲಿಲ್ಲ.

ಮೇಸ್ತ್ರಿಯ ಅಕ್ಕನ ಮಗಳಿಗೆ ಅದೇ ಕಂಟಕವಾಗಿತ್ತು. ದಪ್ಪ ಚುಕ್ಕಾಣಿಗಳು ಅಚ್ಚಿನಿಂದ ತೆಗೆದ ಮೇಲೆ ಬಾಗುತ್ತಿದ್ದವು. ಒಳಗಿನ ಬಿಸಿ ಆರುವ ಮೊದಲೇ ತೆಗೆಯುತ್ತಿದ್ದಾರೆ ಎಂಬುದು ಅವಳ ವಾದ. ಅದನ್ನು ತೋರಿಸಲು ಪದರಗಳ ನಡುವೆ ಕೂದಲಿನಷ್ಟು ತೆಳುವಾದ ಗಾಜಿನ ಆಪ್ಟಿಕಲ್ ಫೈಬರ್ ಎಳೆಯೊಂದನ್ನು ಹುದುಗಿಸುತ್ತಿದ್ದಳು. ಅದರೊಳಗೆ ಬಿಟ್ಟ ಬೆಳಕು ಮರಳಿ ಬಂದು, ಒಳಗಿನ ಬಿಸಿ ಎಷ್ಟೆಂದು ಎಳೆಗೆ ಜೋಡಿಸುವ ಅಳತೆ ಪೆಟ್ಟಿಗೆಯ ಪರದೆಯ ಮೇಲೆ ತಿಳಿಸಬೇಕು. ತಿಳಿಸಲು ಎಳೆಯ ಬಾಲ ಹೊರಗಿರಬೇಕು. ಹಿಂದಿನ ಎರಡು ಸಲವೂ ಬಾಲ ಕತ್ತರಿಯಕ್ಕನ ಪಾಲಾಗಿತ್ತು. ಇವತ್ತೂ ಏನೂ ತೋರಿಸದಿದ್ದರೆ ಪೆಟ್ಟಿಗೆ ವಾಪಸ್ ಎಂದು ಮಾಲೀಕರು ಹೇಳಿಯಾಗಿತ್ತು.

ಇವತ್ತಿನ ಎಳೆ ಹುದುಗಿಸಿ ಅವಳು ಕೈ ತೊಳೆದು ಬರುವಷ್ಟರಲ್ಲಿ ಅಂಚು ನುಣ್ಣಗಾಗಿತ್ತು.

"ಅಕ್ಕಾ, 'ಮುಟ್ಟಬೇಡಿ' ಅಂತ ಚೀಟಿ ಅಂಟಿಸಿದ್ದೆನಲ್ಲಾ!"

"ಚೀಟೀನೂ ಅಂಚಿಂದಾಚೆ ಇತ್ತು ಕಣೇ. ಅದನ್ನೂ ಕತ್ತರಿಸ್ದೆ."

"ಮೂರಕ್ಕೆ ಮುಕ್ತಾಯ," ಎಂದ ಮೇಸ್ತ್ರಿ. "ಬಿಟ್ಟುಬಿಡು ಪುಟ್ಟಿ. ಆರಿದ್ಯೋ ಇಲ್ವೋ ಅಂತ ಬೆರಳಲ್ಲಿ ತಟ್ಟಿದ್ರೆ ನಂಗೆ ಗೊತ್ತಾಗುತ್ತೆ."

"ಹೋದ ತಿಂಗಳು ನೀವು ತಟ್ಟಿದ ಎರಡೂ ಬಾಳೆಹಣ್ಣಾಗಿವೆ ಮಾವ."

ಪುಣ್ಯಕ್ಕೆ, ಬಿಸಿಯೇರುತ್ತಾ ಗಟ್ಟಿಯಾಗಿ ಪದರಗಳನ್ನು ಬೆಸೆಯುವ ರೆಸಿನ್ ಅಂಟನ್ನು ಅಚ್ಚಿಗೆ ಇನ್ನೂ ಬಿಟ್ಟಿರಲಿಲ್ಲ. ಅವಳು ಪದರಗಳನ್ನೆತ್ತಿ, ಗೇಣುದ್ದ ಎಳೆಯನ್ನು ಬಿಡಿಸಿಕೊಂಡು, ತುದಿ ನೇರ ಮಾಡಿ, ಬೆಸೆಯುವ ಯಂತ್ರದಲ್ಲಿ ಹೊಸ ಬಾಲ ಕೂಡಿಸಿದಳು. ಮುರಿಯಿತು. ಮತ್ತೆ ಕೂಡಿಸಿದಳು. ಅದೂ ಮುರಿಯಿತು. ಹೊರಗಿನವರು ಯಾರಾದರೂ ನೋಡಿದ್ದರೆ ಪೂಜೆಯೆಂದೇ ತಿಳಿಯುತ್ತಿದ್ದರು, ಅಷ್ಟು ನಿಶ್ಶಬ್ದ. ಎತ್ತಿದ ಪದರಗಳನ್ನು ಕತ್ತರಿಯಕ್ಕ ತಾನಾಗಿಯೇ ಬಂದು ಹಿಡಿದುಕೊಂಡಳು. ಮೂರನೆಯದೂ ಮುರಿದು, ನಾಲ್ಕನೆಯ ಬೆಸುಗೆ ನಿಂತಿತು.

ರೆಸಿನ್ ತುಂಬಿತು, ಗಟ್ಟಿಯಾಯಿತು. ಎಂದಿನ ವೇಳೆಗೆ ಮೇಸ್ತ್ರಿ ಬಂದು ತಟ್ಟಿದ.

"ಟಣ್ ಅಂತಿದೆ. ತೆಗೀರಿ."

ಅವಳು ಪರದೆ ನೋಡಿ ಅಚ್ಚಿನ ತಿರುಪಿನ ಮೇಲೆ ಅಂಗೈ ಊರಿದಳು. "ಮೇಲೆ ನಲವತ್ತು ಡಿಗ್ರಿ ಮಾವ, ಒಳಗೆ ತೊಂಬತ್ತೆರಡು. ಬೂದಿ ಮುಚ್ಚಿದ ಕೆಂಡ ಇದು."

"ಮೂವತ್ತು ವರ್ಷದ ಬೆರಳಿಗಿಂತ ನಿನ್ನ ಕೂದಲೆಳೆ ಹೆಚ್ಚಾ?"

"ಬೆರಳು ಒಳಗೆ ಹೋಗಲ್ವಲ್ಲ."

ಮೇಸ್ತ್ರಿ ತಿರುಪನ್ನು ನೋಡಿದ. ಅಂಗೈ ಅಲ್ಲಾಡಲಿಲ್ಲ.

"ನಮ್ಮಕ್ಕನ ಮಗಳೇ ಸರಿ ನೀನು. ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಸ್ಟೂಲು ಎಳೆದುಕೊಂಡು ಕುಳಿತ.

ಒಳಗಿನ ಬಿಸಿ ನಲವತ್ತಕ್ಕಿಳಿಯಲು ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅಚ್ಚು ತೆರೆದು ಉಕ್ಕಿನ ಪಟ್ಟಿ ಇಟ್ಟು ನೋಡಿದರು. ಚುಕ್ಕಾಣಿ ನೇರವಾಗಿತ್ತು. ಪೆಟ್ಟಿಗೆ ಶೆಡ್ಡಿನಲ್ಲೇ ಉಳಿಯಿತು.