ಕಾಳಿಯ ತಾಟು

ಖಾನಾಪುರದ ಮಠದಲ್ಲಿ ಇಪ್ಪತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದ ಬಸವಣ್ಣೆವ್ವನ ಅಂಗಾಲಿನ ಉರಿ ನೆತ್ತಿಗೇರಿತ್ತು. ಬೆಳಗಾವಿಯಿಂದ ಬಂದ ಹೊಸ ಕಾರಭಾರಿ ದುಂಡಪ್ಪ, "ನಾಯಿಗೆ ಬ್ಯಾರೆ ರೊಟ್ಟಿ ಬ್ಯಾಡ, ಎಂಜಲ ಹಾಕ್ರಿ" ಎಂದು ಅಪ್ಪಣೆ ಮಾಡಿದ್ದ.

ಮಠದಲ್ಲಿ ಎಂಜಲು ಎಲ್ಲಿಂದ ಬರಬೇಕು? ಉಂಡವರೆಲ್ಲ ತಾಟು ತೊಳೆದು ಆ ನೀರನ್ನೂ ಕುಡಿಯುತ್ತಾರೆ. ನಾಲ್ಕೇ ದಿನದಲ್ಲಿ, ಮಠ ಕಾಯುವ ನಾಯಿ ಕಾಳಿಯ ಎಲುಬು ಎಣಿಸುವಂತಾದವು.

ಐದನೆಯ ದಿನ ಬಸವಣ್ಣೆವ್ವ ಪಂಕ್ತಿಯಲ್ಲಿ ದುಂಡಪ್ಪನ ಪಕ್ಕದಲ್ಲೇ ಕಾಳಿಯನ್ನು ಕೂರಿಸಿ, ತಾಟಿಟ್ಟು ಎರಡು ರೊಟ್ಟಿ ಬಡಿಸಿದಳು.

"ಎಬ್ಬಸ್ರಿ ಅದನ್ನ!" ದುಂಡಪ್ಪ ಚೀರಿದ.

"ಪಂಕ್ತಿಗೆ ಕುಂತವರನ್ನ ಎಬ್ಬಸೂ ಪದ್ಧತಿ ಈ ಮಠದಾಗಿಲ್ರಿ!" ಬಸವಣ್ಣೆವ್ವ ರೊಟ್ಟಿಯ ಬುಟ್ಟಿ ಕುಕ್ಕಿದಳು.

ಅಷ್ಟರಲ್ಲಿ ಕಾಳಿ ತಾಟನ್ನು ಫಳಫಳ ಹೊಳೆಯುವಂತೆ ನೆಕ್ಕಿತ್ತು.

"ನೋಡ್ರಿ, ಅದೂ ಎಂಜಲ ಬಿಟ್ಟಿಲ್ಲ. ಇನ್ನ ನಿಮ್ಮ ತಾಟ ತೊಳದು ಕುಡೀರಿ!"