ಮಹಾನವಮಿಯ ಮಧ್ಯಾಹ್ನ ತೆರೆದ ಪುಸ್ತಕ

ಮಾರ್ತಾ ನಮ್ಮ ಚಾಮರಾಜಪುರಂ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ವರ್ಷಗಳನ್ನು ನೆನೆದರೆ ಮನಸ್ಸು ಇಂದಿಗೂ ತಂಪಾಗುತ್ತದೆ. ಶ್ರೀರಾಂಪುರದ ಕಡೆಗೆ ಕುಡಿಯುವ ನೀರಿನ ಕೊಳವೆ ಹಾಕುವ ಗುತ್ತಿಗೆಯನ್ನು ಸ್ಪೇನ್ ದೇಶದ ಕಂಪನಿಯೊಂದು ಹಿಡಿದಿತ್ತು; ಅವರು ಅದರ ಎಂಜಿನಿಯರ್. ಸಂಜೆ ನನ್ನ ಶಿವಪೂಜೆ ಮುಗಿಯುವವರೆಗೆ ಪಡಸಾಲೆಯಲ್ಲಿ ಕಾದಿದ್ದು, ಆಮೇಲೆ ನನ್ನಿಂದ ಕನ್ನಡ ಕಲಿಯುತ್ತಿದ್ದರು. ನಾನೋ ಗ್ರಂಥಗಳ ನಡುವೆ ಬೆಳೆದ ಪಂಡಿತ; ಹಾಗಾಗಿ ಅವರ ಮಾತು ಗ್ರಂಥದ ಮಾತಾಗಿಯೇ ಉಳಿಯಿತು. “ದಯಮಾಡಿ ಆ ಮಣ್ಣನ್ನು ಎತ್ತಿರಿ” ಎಂದು ಅವರು ಹೇಳಿದರೆ ಜೆಸಿಬಿ ಓಡಿಸುವ ಸಣ್ಣಮಾದಯ್ಯನವರು, “ನೀವು ಹಿಂಗಂದ್ರೆ ನಾಟಕದಲ್ಲಿ ಪಾರ್ಟು ಮಾಡ್ದಂಗಾಯ್ತದೆ ಕಣಮ್ಮ” ಎಂದು ನಗುತ್ತಿದ್ದರಂತೆ.

ಮೊದಲ ವರ್ಷ ಕಂಪನಿ ಆಯುಧಪೂಜೆ ಮಾಡಿರಲಿಲ್ಲ. ಕೆಲಸಗಾರರು ಮುನಿಸಿಕೊಂಡು, ದೀಪಾವಳಿ ಕಳೆದರೂ ಕೆಲಸಕ್ಕೆ ಮನಸ್ಸು ಕೊಡಲಿಲ್ಲ. ಎರಡನೆಯ ವರ್ಷ ಮಾರ್ತಾ ಆ ಕೊರತೆಯನ್ನು ತುಂಬಲು ಹೊರಟರು. ಯಂತ್ರ, ಗುದ್ದಲಿ, ಹಾರೆ, ಪಂಪು, ಕಡೆಗೆ ಗುಂಡಿಯೊಳಗೆ ಮಣ್ಣು ಕುಸಿಯದಂತೆ ಆಸರೆ ಕೊಡುವ ಮರದ ಹಲಗೆಗಳು, ಒಂದನ್ನೂ ಬಿಡದೆ ಪೂಜೆಗೆ ಇಡಿಸಿದರು. ಸವಾರಿಯ ಗಾಡಿಯ ಮಾತು ಬೇರೆ, ಪೂಜೆಯಾದೊಡನೆ ಓಡಿಸಬಹುದು. ದುಡಿಯುವ ಹತಾರವನ್ನು ಪೂಜೆಗಿಟ್ಟರೆ ವಿಜಯದಶಮಿಯ ಬೆಳಗಿನವರೆಗೆ ಕದಲಿಸುವಂತಿಲ್ಲ. ಅದಕ್ಕೇ ನಮ್ಮವರು ಆಪತ್ತಿಗಿರಲಿ ಎಂದು ಕೆಲವನ್ನು ಪೂಜೆಗಿಡದೆ ಪಕ್ಕಕ್ಕೆ ಸರಿಸಿಟ್ಟಿರುತ್ತಾರೆ. ಇದನ್ನು ಮಾರ್ತಾ ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ತಾನೆ ಬಾಯಿಬಿಟ್ಟು ಹೇಳುತ್ತಾರೆ?

ಮಹಾನವಮಿಯ ಪೂಜೆ ಮುಗಿದ ಮಧ್ಯಾಹ್ನ ಮೇಸ್ತ್ರಿ ನಾಗೇಂದ್ರ ಆಟೋದಲ್ಲಿ ಧಾವಿಸಿ ಬಂದ.

“ಪಂಡಿತ್ರೇ, ಬೇಗ ಬನ್ನಿ. ಬೆಟ್ಟದ ಮೇಲೆ ಮೋಡ ಕಟ್ಕೊಂಡದೆ. ತಿಮ್ಮಮ್ಮನ ಮನೆ ಪಕ್ಕದಲ್ಲೇ ನೆನ್ನೆ ಗುಂಡಿ ತೋಡ್ಬುಟ್ಟಿದೀವಿ. ಹಲಗೆ ಕೊಡ್ದಿದ್ರೆ ಮಳೇಗೆ ಗೋಡೆ ಕೂತ್ಕೊಂಡ್ಬುಡ್ತದೆ. ಒಬ್ರೂ ಕೈಹಾಕ್ತಿಲ್ಲ!”

ಅವನೊಡನೆ ಹೋದೆ. ಶ್ರೀರಾಂಪುರದ ಹಳೆಯ ಓಣಿಯಲ್ಲಿ, ಮಣ್ಣಿನ ಗೋಡೆಯ ಮನೆ ತಿಮ್ಮಮ್ಮನವರದು. ಮಾರ್ತಾ ರೇಷ್ಮೆ ಸೀರೆಯಲ್ಲೇ ಗುಂಡಿಯ ಅಂಚಿಗೆ ನಿಂತಿದ್ದರು.

“ಗುರುಗಳೇ, ತಪ್ಪು ನನ್ನದು. ಹಲಗೆಗಳನ್ನು ನಾನೇ ಎತ್ತಲೇ?”

“ಎತ್ತಬಹುದಮ್ಮ. ಆದರೆ ನಾಳೆಯಿಂದ ಇವರು ಯಾರೂ ನಿಮ್ಮ ಜೊತೆ ನಿಲ್ಲುವುದಿಲ್ಲ.”

ಸಣ್ಣಮಾದಯ್ಯನವರು ತಲೆಯಾಡಿಸಿದರು. “ನಾನು ಹಿಂದೆ ಇದ್ದ ಕಡೆ ಹಿಂಗೇ ಪೂಜೆಗಿಟ್ಟಿದ್ದ ಮಿಷನ್ ಓಡ್ಸಿದೋನ ಬೆರಳು ಹೋಯ್ತು, ಸ್ವಾಮಿ.”

“ನನ್ ಗೋಡೆಗೋಸ್ಕರ ಯಾರ ಬೆರಳೂ ಹೋಗಾದ್ ಬ್ಯಾಡ” ಎಂದರು ತಿಮ್ಮಮ್ಮ. ಪಾತ್ರೆಪಡಗಗಳನ್ನು ಅವರು ಆಗಲೇ ಅಂಗಳಕ್ಕೆ ತಂದಿಟ್ಟಿದ್ದರು.

ನಾನು ಹೇಳಿದೆ: ಆಪತ್ತು ಬಂದಾಗ ಮುಕ್ತಾಯದ ಉತ್ತರಪೂಜೆ ಮಾಡಿ, ಕದಲಿಸುವ ಮುನ್ನ ಬೆಳಗುವ ಕದಲಾರತಿ ಎತ್ತಿ, ದೇವಿಯನ್ನು ಬೀಳ್ಕೊಟ್ಟರೆ ಹತಾರ ಮುಟ್ಟುವುದರಲ್ಲಿ ದೋಷವಿಲ್ಲ.

“ಹೇಳಾದ್ ಸುಲ್ಭ” ಎಂದರು ಸಣ್ಣಮಾದಯ್ಯನವರು. “ಮನೇಲಿ ನಿಮ್ ಪುಸ್ತಕಾನೂ ಪೂಜೆಗಿಟ್ಟಿದೀರಲ್ಲ? ಅದ ತೆಗುದು ಇವತ್ತು ಓದ್ತೀರಾ? ನೀವ್ ಓದಿ, ನಾನ್ ಎತ್ತೀನಿ.”

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ತಂದೆಯವರು ಪುಸ್ತಕ ಪೂಜೆಗಿಟ್ಟ ದಿನ ಬಂದ ಲಗ್ನಪತ್ರಿಕೆಯನ್ನೂ ಓದದೆ ಮಡಚಿಡುತ್ತಿದ್ದವರು. ನಾನೂ ಆವರೆಗೆ ಆ ದಿನ ಒಂದಕ್ಷರ ಓದಿದವನಲ್ಲ. ಆದರೆ ನನ್ನ ಮಾತನ್ನು ನಾನೇ ನಂಬದಿದ್ದರೆ ಅವರೇಕೆ ನಂಬಬೇಕು?

ಅದೇ ಆಟೋದಲ್ಲಿ ಮನೆಗೆ ಹೋದೆ. ನನ್ನ ಹೆಂಡತಿ ಶಾಂತಾದೇವಿ ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತಳು.

“ಏನ್ರೀ ಇದು? ಮಾವನವರು ಇದ್ದಿದ್ರೆ ಒಪ್ಪೋರಾ?”

“ಆ ಗೋಡೆಯನ್ನು ಅವರೂ ನೋಡಿದ್ದರೆ ಒಪ್ಪುತ್ತಿದ್ದರು.”

ಅದು ನಿಜವೋ, ನನ್ನ ಸಮಾಧಾನಕ್ಕೆ ಆಡಿದ ಮಾತೋ, ಈಗಲೂ ತಿಳಿಯದು. ಅವಳು ನನ್ನ ಮುಖವನ್ನೇ ನೋಡಿ, ಆರತಿಗೆ ಬತ್ತಿ ಹೊಸೆದಳು. ಆರತಿ ಎತ್ತಿ ಗ್ರಂಥಗಳ ರಾಶಿಯನ್ನು ಕದಲಿಸಿದೆ. ತಂದೆಯವರು ಓದುತ್ತಿದ್ದ ಶಿವಸ್ತೋತ್ರದ ಪುಸ್ತಕ ಕೈಗೆ ಬಂತು.

ಗುಂಡಿಯ ಬಳಿ ಹಲಗೆಗಳಿಗೂ ಕದಲಾರತಿಯಾಯಿತು; ತಟ್ಟೆಯನ್ನು ಮಾರ್ತಾ ಹಿಡಿದಿದ್ದರು. ನಾನು ಪುಸ್ತಕ ತೆರೆದು ಎಲ್ಲರಿಗೂ ಕೇಳುವಂತೆ ಓದಿದೆ. ಹಾಳೆಯ ಮೇಲೊಂದು ಮಳೆಹನಿ ಬಿತ್ತು. ಸಣ್ಣಮಾದಯ್ಯನವರು ಓದು ಮುಗಿಯುವವರೆಗೂ ಕೈಕಟ್ಟಿ ನಿಂತಿದ್ದು, ಮೊದಲ ಹಲಗೆಯನ್ನು ಕಣ್ಣಿಗೊತ್ತಿಕೊಂಡು ಎತ್ತಿದರು. “ನಿಂತ್ಕೊಂಡ್ ನೋಡ್ತಿದೀರೇನ್ರೋ, ಹಿಡೀರಿ!” ಎಂದು ಉಳಿದವರನ್ನು ಗದರಿಸಿದರು. ಮಳೆ ಜೋರಾಗುವ ಹೊತ್ತಿಗೆ ಕಡೆಯ ಹಲಗೆಯೂ ಇಳಿದಿತ್ತು. ಗೋಡೆ ನಿಂತಿತು.

ಮರುವರ್ಷದಿಂದ ಮಾರ್ತಾ ಯುಗಾದಿಗೇ ಪಂಚಾಂಗ ಹಿಡಿದು, ಹತಾರ ಮುಟ್ಟಬಾರದ ದಿನಗಳನ್ನು ಕೇಳಲು ಕೆಳಗಿಳಿಯುತ್ತಿದ್ದರು. ಮಹಾನವಮಿಗೆ ಮೊದಲು ಎಲ್ಲ ಗುಂಡಿಗಳನ್ನೂ ಮುಚ್ಚಿಸುತ್ತಿದ್ದರು. ಕೆಲಸ ಹೇಳಿದ ಕಾಲಕ್ಕೆ ಮುಗಿಯಿತು. ಈಗ ಶ್ರೀರಾಂಪುರದ ನಲ್ಲಿಗಳಲ್ಲಿ ನೀರು ಬರುತ್ತದೆ. ನಮ್ಮ ಮಹಡಿ ಮಾತ್ರ ಬರಿದಾಗಿದೆ.

ಮೊನ್ನೆ ಅವರು ದೂರವಾಣಿ ಮಾಡಿದ್ದರು. ಕೀನ್ಯಾದಲ್ಲಿ ಹೊಸ ಗುತ್ತಿಗೆಯಂತೆ.

“ಗುರುಗಳೇ, ಇಲ್ಲಿ ಯಾವ ದಿನ ಯಾವುದನ್ನು ಮುಟ್ಟಬಾರದೆಂದು ಯಾರನ್ನು ಕೇಳಲಿ?”

“ನಮ್ಮ ಸಣ್ಣಮಾದಯ್ಯನವರ ಹಾಗೆ, ನಿಮ್ಮ ಮಾತಿಗೆ ಎಲ್ಲರಿಗಿಂತ ಮೊದಲು ಎದುರಾಡುವವರು ಯಾರೋ, ಅವರನ್ನು ಕೇಳಿ.”

ಆ ಕಡೆ ಅವರು ನಕ್ಕರು. ನಾನು ಇನ್ನೇನೋ ಹೇಳುವಷ್ಟರಲ್ಲಿ ಶಾಂತಾದೇವಿ ನನ್ನ ಕೈಯಿಂದ ಫೋನು ಕಸಿದುಕೊಂಡು, “ಊಟ ಆಯ್ತೇನಮ್ಮ?” ಎಂದಳು.